ಒಳಗೆ ಮುಗಿಯದ ಅಪಘಾತ

ಹಿರಿಯೂರು, ಚಿತ್ರದುರ್ಗ ದಾಟಿ ದಾವಣಗೆರೆಗೆ ಬರುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಅಪಘಾತವಾಯಿತೆಂದರೆ ಸತ್ತವರೆಷ್ಟು, ಉಳಿದವರೆಷ್ಟು ಅಂತ ಕೇಳುತ್ತೇವೆ. ಉಳಿದವರ ಕಥೆ ಅಲ್ಲಿಗೇ ಮುಗಿಯಿತು ಅಂದುಕೊಳ್ಳುತ್ತೇವೆ. ಕಾಲಿಗೆ ರಾಡ್ ಹಾಕಿಸಿಕೊಂಡು ಮನೆಗೆ ಬಂದ ಚಾಲಕನಿಗೆ ಗಾಯ ಮಾಯ್ದ ಮೇಲೂ ಡೀಸೆಲ್ ವಾಸನೆಗೆ ಎದೆ ಹೊಡೆದುಕೊಳ್ಳಬಹುದು. ಬಸ್ಸಿನ ಕಿಟಕಿ ಪಕ್ಕ ಕೂತಿರುತ್ತಾನೆ; ಎದುರಿಂದ ಲಾರಿಯ ಏರ್‌ಬ್ರೇಕ್ ಬುಸ್ಸೆಂದರೆ ಅಲ್ಲಿಲ್ಲದ ಬ್ರೇಕನ್ನು ಬಲಗಾಲು ಒತ್ತುತ್ತದೆ. ‘ಗಾಳಿ ಸೋಕಿದೆ’ ಅಂತ ತಾಯತ ಕಟ್ಟಿಸುವವರಿದ್ದಾರೆ. ‘ಆಗಿದ್ದು ಆಯ್ತು, ಮರೆತುಬಿಡು’ ಅನ್ನುವವರು ಇನ್ನೂ ಹೆಚ್ಚು.

ಇಂಥ ಕಾಟ ಒಂದು ತಿಂಗಳು ಮೀರಿ ಬದುಕನ್ನೇ ಹಿಡಿದು ನಿಲ್ಲಿಸಿದರೆ ವೈದ್ಯರು ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ಇರಬಹುದೇ ಎಂದು ಪರೀಕ್ಷಿಸುತ್ತಾರೆ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಇದನ್ನು ಕಾಯಿಲೆಯ ಪಟ್ಟಿಗೆ ಸೇರಿಸಿತು.

ಮಿದುಳಿನಲ್ಲಿ ಅಮಿಗ್ಡಲಾ ಅಪಾಯವನ್ನು ಗುರುತಿಸಿ ಮೈಯನ್ನು ಎಚ್ಚರಿಸುತ್ತದೆ. ನಡೆದದ್ದು ಎಲ್ಲಿ, ಯಾವಾಗ ಎಂಬುದನ್ನು ಹಿಪ್ಪೊಕ್ಯಾಂಪಸ್ ಘಟನೆಗೆ ಕಟ್ಟಿಡುತ್ತದೆ. ಹಣೆಯ ಹಿಂದಿನ ಪ್ರೀಫ್ರಂಟಲ್ ಭಾಗ ಭಯಕ್ಕೆ ಲಗಾಮು ಹಾಕುತ್ತದೆ. ಪಿಟಿಎಸ್‌ಡಿಯಲ್ಲಿ ಅನೇಕರ ಅಮಿಗ್ಡಲಾ ಅತಿಯಾಗಿ ಕೆರಳುತ್ತದೆ, ಲಗಾಮು ಸಡಿಲವಾಗುತ್ತದೆ.

2023ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯ ಮತ್ತು ಮೌಂಟ್ ಸಿನಾಯ್ ವೈದ್ಯಕೀಯ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ಅಧ್ಯಯನ ನನ್ನನ್ನು ಬಹಳ ಹಿಡಿದಿಟ್ಟಿತು. ಪಿಟಿಎಸ್‌ಡಿ ಇರುವ 28 ಮಂದಿಗೆ ಸ್ಕ್ಯಾನರ್‌ನೊಳಗೆ ಅವರವರದೇ ಬದುಕಿನ ಘಟನೆಗಳನ್ನು ಕೇಳಿಸಿದರು: ಕೆಲವು ದುಃಖದವು, ಕೆಲವು ಆಘಾತದವು. ದುಃಖದ ಕಥೆಗಳಲ್ಲಿ ಹೋಲಿಕೆ ಇದ್ದಾಗ ಬೇರೆ ಬೇರೆಯವರ ಹಿಪ್ಪೊಕ್ಯಾಂಪಸ್ ಚಟುವಟಿಕೆಯಲ್ಲೂ ಹೋಲಿಕೆ ಇತ್ತು. ಆಘಾತದ ಕಥೆಗಳು ಎಷ್ಟೇ ಹೋಲಲಿ, ಅಲ್ಲಿ ಅಂಥ ಹೊಂದಿಕೆ ಕಾಣಲಿಲ್ಲ. ಅಂದರೆ ಆಘಾತವನ್ನು ಮಿದುಳು ಮಾಮೂಲಿ ನೆನಪಿನ ಹಾಗೆ ನಿಭಾಯಿಸುತ್ತಿಲ್ಲ. ಅದು ಕಳೆದುಹೋದದ್ದಾಗಿ ಅಲ್ಲ, ಈಗಲೇ ನಡೆಯುತ್ತಿರುವುದಾಗಿ ಅನುಭವಕ್ಕೆ ಬರುತ್ತಿರಬಹುದು. 28 ಸಣ್ಣ ಸಂಖ್ಯೆ, ನಿಜ. ಆದರೂ ಆ ಚಾಲಕನ ಬಲಗಾಲು ಹೇಳುವುದು ಇದನ್ನೇ ಎಂದು ನನಗನಿಸುತ್ತದೆ.

ಹಾಗಾಗಿ ‘ಮರೆತುಬಿಡು’ ಎಂಬ ಬುದ್ಧಿಮಾತು ಫಲಿಸುವುದಿಲ್ಲ. ತರಬೇತಾದ ಚಿಕಿತ್ಸಕರ ಮುಂದೆ, ಸುರಕ್ಷಿತ ಕೋಣೆಯಲ್ಲಿ, ನಡೆದದ್ದನ್ನು ಮತ್ತೆ ಮತ್ತೆ ಹೇಳಿಸುವ ಚಿಕಿತ್ಸೆ ಅನೇಕರಿಗೆ ಫಲ ಕೊಟ್ಟಿದೆ. ಹಳೆಯ ನೆನಪು ಅದರಿಂದ ಅಳಿಸುವುದಿಲ್ಲ. ‘ಈ ಸದ್ದಿಗೆ ಈಗ ಅಪಾಯವಿಲ್ಲ’ ಎಂಬ ಹೊಸ ಕಲಿಕೆ ಅದರ ಪಕ್ಕದಲ್ಲಿ ಬೇರೂರುತ್ತದೆ. ಮನೆಯವರು ಮಾತ್ರ ಒತ್ತಾಯದಿಂದ ಬಾಯಿ ಬಿಡಿಸಲು ಹೋಗಬಾರದು. ಯಾರನ್ನು ಕೇಳಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.