ಪ್ಯಾಂಥಿಯನ್ ಓದುವುದು ಹೇಗೆ: ಹಣೆಯ ಮೇಲೆ ಒಬ್ಬರ ಹೆಸರು, ಇಟ್ಟಿಗೆಯಲ್ಲಿ ಇನ್ನೊಬ್ಬರ ಕಾಲ

ರೋಮ್‌ನಲ್ಲಿ ಪ್ಯಾಂಥಿಯನ್ ಎಂಬ ಹಳೆಯ ರೋಮನ್ ದೇವಾಲಯ ನೋಡಲು ಹೋದವರೆಲ್ಲ ಮಾಡುವುದು ಒಂದೇ. ಬಾಗಿಲು ದಾಟುತ್ತಾರೆ, ತಲೆ ಎತ್ತುತ್ತಾರೆ, ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ತಪ್ಪೇನಿಲ್ಲ, ಆ ಗುಮ್ಮಟ ಹಾಗಿದೆ. ಆದರೆ ಇತಿಹಾಸ ಓದುವ ನಾವು ಒಳಗೆ ಹೋಗುವ ಮುಂಚೆ ಹತ್ತು ನಿಮಿಷ ಎದುರಿನ ಚೌಕದಲ್ಲೇ ನಿಲ್ಲುವುದು ಒಳ್ಳೆಯದು. ಈ ಕಟ್ಟಡದ ದೊಡ್ಡ ಗೊಂದಲ ಹೊರಗೆ, ಅದರ ಹಣೆಯ ಮೇಲೇ ಇದೆ.

ಮುಂಭಾಗದ ಕಂಬಗಳ ಮೇಲೆ ದೊಡ್ಡ ಅಕ್ಷರಗಳಲ್ಲಿ ಒಂದು ಸಾಲು ಕಾಣುತ್ತದೆ. ಲ್ಯಾಟಿನ್ ಬರದಿದ್ದರೂ ಹೆದರಬೇಡಿ, ಇದು ಬಹಳ ಸುಲಭದ ಶಾಸನ. ‘ಎಂ’ ಅಂದರೆ ಮಾರ್ಕಸ್. ಆಮೇಲೆ ಅಗ್ರಿಪ್ಪ ಎಂಬ ಹೆಸರು. ‘ಎಲ್ ಎಫ್’ ಅಂದರೆ ಲೂಸಿಯಸ್‌ನ ಮಗ. ‘ಸಿ ಓ ಎಸ್’ ಅಂದರೆ ಕಾನ್ಸಲ್. ‘ತೆರ್ತಿಯುಂ’ ಅಂದರೆ ಮೂರನೇ ಸಲ. ‘ಫೆಕಿತ್’ ಅಂದರೆ ಮಾಡಿದನು, ಇಲ್ಲಿ ಕಟ್ಟಿಸಿದನು. ಒಟ್ಟಿಗೆ ಓದಿದರೆ: ಲೂಸಿಯಸ್‌ನ ಮಗ ಮಾರ್ಕಸ್ ಅಗ್ರಿಪ್ಪ ಮೂರನೇ ಸಲ ಕಾನ್ಸಲ್ ಆಗಿದ್ದಾಗ ಇದನ್ನು ಕಟ್ಟಿಸಿದನು.

ಕಾನ್ಸಲ್ ಅಂದರೆ ರೋಮ್‌ನ ಅತಿ ದೊಡ್ಡ ಚುನಾಯಿತ ಹುದ್ದೆ. ಒಂದೇ ಹೊತ್ತಿಗೆ ಇಬ್ಬರು ಇರುತ್ತಿದ್ದರು. ರೋಮನ್ನರು ವರ್ಷವನ್ನು ಗುರುತಿಸುತ್ತಿದ್ದದ್ದೂ ಅವರ ಹೆಸರಿನಿಂದಲೇ. ಹಾಗಾಗಿ ‘ಮೂರನೇ ಸಲ’ ಎಂಬ ಮಾತೇ ನಮಗೆ ಇಸವಿ ಕೊಡುತ್ತದೆ: ಕ್ರಿ.ಪೂ. 27. ಅಗ್ರಿಪ್ಪ ಸಾಮಾನ್ಯನಲ್ಲ. ರೋಮ್‌ನ ಮೊದಲ ಚಕ್ರವರ್ತಿ ಅಗಸ್ಟಸ್‌ನ ಗೆಳೆಯ, ಕ್ರಿ.ಪೂ. 31ರ ಆಕ್ಟಿಯಂ ನೌಕಾಯುದ್ಧ ಗೆದ್ದುಕೊಟ್ಟ ಸೇನಾಪತಿ, ಮುಂದೆ ಅವನ ಅಳಿಯ.

ಸರಿ, ಕ್ರಿ.ಪೂ. 27 ಎಂದು ನೋಟ್ಸ್‌ನಲ್ಲಿ ಬರೆದುಕೊಂಡು ಮುಂದೆ ಹೋಗಬಹುದಲ್ವಾ? ನಾನೂ ಮೊದಲು ಹಾಗೇ ಬರೆದುಕೊಂಡಿದ್ದೆ. ತಪ್ಪಾಯಿತು. ಅಗ್ರಿಪ್ಪ ಕಟ್ಟಿಸಿದ ಕಟ್ಟಡ ಕ್ರಿ.ಶ. 80ರ ಬೆಂಕಿಯಲ್ಲಿ ಹಾಳಾಯಿತು. ಚಕ್ರವರ್ತಿ ಡೊಮಿಷಿಯನ್ ಅದನ್ನು ಮತ್ತೆ ಎಬ್ಬಿಸಿದ. 110ರಲ್ಲಿ ಸಿಡಿಲು ಬಡಿದು ಅದೂ ಸುಟ್ಟಿತು. ಈಗ ನಾವು ನೋಡುವುದು ಮೂರನೆಯದು. ಸುಮಾರು 125ರ ಹೊತ್ತಿಗೆ, ಚಕ್ರವರ್ತಿ ಹೇಡ್ರಿಯನ್ ಆಳ್ವಿಕೆಯಲ್ಲಿ ಮುಗಿದದ್ದು.

ಇದು ಗೊತ್ತಾದದ್ದು ಹೇಗೆ? ನನಗೆ ತುಂಬಾ ಇಷ್ಟವಾದ ಭಾಗ ಇದೇ. ಬಹಳ ಕಾಲ ಎಲ್ಲರೂ ಶಾಸನವನ್ನೇ ನಂಬಿದ್ದರು. ಮೂರನೇ ಶತಮಾನದ ಇತಿಹಾಸಕಾರ ಡಿಯೋ ಕ್ಯಾಸಿಯಸ್ ಕೂಡ ಇದನ್ನು ಅಗ್ರಿಪ್ಪನ ಕಟ್ಟಡ ಎಂದೇ ಬರೆದ. 1892ರಲ್ಲಿ ಜಾರ್ಜ್ ಶೆದಾನ್ ಎಂಬ ಫ್ರೆಂಚ್ ವಾಸ್ತುಶಿಲ್ಪಿ ಗೋಡೆಯ ಇಟ್ಟಿಗೆಗಳನ್ನು ಪರೀಕ್ಷಿಸಿದ. ರೋಮ್‌ನ ಇಟ್ಟಿಗೆ ಗೂಡುಗಳವರು ಹಸಿ ಇಟ್ಟಿಗೆಯ ಮೇಲೆ ಮುದ್ರೆ ಒತ್ತುತ್ತಿದ್ದರು. ಮಣ್ಣು ಯಾರ ಜಮೀನಿನದು, ಗೂಡು ಯಾರದು ಎಂದು ಅದರಲ್ಲಿ ಇರುತ್ತಿತ್ತು. ಕೆಲವದರಲ್ಲಿ ಆ ವರ್ಷದ ಕಾನ್ಸಲ್‌ಗಳ ಹೆಸರೂ ಇರುತ್ತಿತ್ತು. ಪ್ಯಾಂಥಿಯನ್ ಗೋಡೆಯ ಮುದ್ರೆಗಳು ಎರಡನೇ ಶತಮಾನದ ಮೊದಲ ಭಾಗದವು. ಅಂದರೆ ಅಗ್ರಿಪ್ಪ ಸತ್ತು ನೂರು ವರ್ಷಕ್ಕೂ ಜಾಸ್ತಿ ಆದ ಮೇಲೆ ಸುಟ್ಟ ಇಟ್ಟಿಗೆಗಳು. ಅದೇ ಮುದ್ರೆಗಳನ್ನು ಮತ್ತೆ ಓದಿದ ಕೆಲವು ವಿದ್ವಾಂಸರು, ಕೆಲಸ ಶುರುವಾದದ್ದು ಹೇಡ್ರಿಯನ್‌ಗಿಂತ ಮೊದಲಿದ್ದ ಟ್ರಾಜನ್ ಕಾಲದಲ್ಲೇ, ಹೇಡ್ರಿಯನ್ ಮುಗಿಸಿದ, ಎನ್ನುತ್ತಾರೆ.

ಹಾಗಾದರೆ ಹೇಡ್ರಿಯನ್ ತನ್ನ ಹೆಸರು ಯಾಕೆ ಹಾಕಲಿಲ್ಲ? ಅವನ ಹಳೆಯ ಜೀವನಚರಿತ್ರೆಯೊಂದರಲ್ಲಿ ಉತ್ತರ ಇದೆ. ಅವನು ಎಷ್ಟೋ ಕಟ್ಟಡ ಕಟ್ಟಿಸಿದರೂ ಟ್ರಾಜನ್‌ನ ದೇವಾಲಯ ಒಂದನ್ನು ಬಿಟ್ಟು ಯಾವುದರ ಮೇಲೂ ತನ್ನ ಹೆಸರು ಬರೆಸಲಿಲ್ಲವಂತೆ. ಇದು ಬರೀ ವಿನಯ ಎಂದು ನನಗೆ ಅನಿಸುವುದಿಲ್ಲ. ಅಗಸ್ಟಸ್‌ನ ಕಾಲವನ್ನು ಜನ ಚಿನ್ನದ ಕಾಲ ಎಂದು ನೆನೆಯುತ್ತಿದ್ದರು. ಆ ಕಾಲದ ಅಗ್ರಿಪ್ಪನ ಹೆಸರನ್ನು ಉಳಿಸಿಕೊಂಡರೆ ಅದರ ಬೆಳಕು ತನ್ನ ಮೇಲೂ ಬೀಳುತ್ತದೆ, ಅಷ್ಟೇ ಲೆಕ್ಕ. ಅಂದಹಾಗೆ, ಈಗ ಕಾಣುವ ಕಂಚಿನ ಅಕ್ಷರಗಳೂ ಹಳೆಯವಲ್ಲ, 19ನೇ ಶತಮಾನದ ಕೊನೆಯಲ್ಲಿ ಕೂರಿಸಿದವು.

ಕಂಬಗಳನ್ನು ಎಣಿಸಿ, 16 ಇವೆ. ಮುಂದಿನ ಸಾಲಿನ ಬೂದು ಕಲ್ಲು ಈಜಿಪ್ಟಿನ ಮರುಭೂಮಿಯ ಮಾನ್ಸ್ ಕ್ಲಾಡಿಯಾನಸ್ ಗಣಿಯದ್ದು. ಹಿಂದಿನ ಕೆಂಪು ಛಾಯೆಯ ಕಲ್ಲು ಆಸ್ವಾನ್‌ನದ್ದು. ಒಂದೊಂದೂ ಒಂದೇ ಕಲ್ಲು, ಸುಮಾರು 12 ಮೀಟರ್ ಎತ್ತರ. ಮರುಭೂಮಿಯಿಂದ ನೈಲ್ ನದಿ, ಅಲ್ಲಿಂದ ಸಮುದ್ರ, ಆಮೇಲೆ ಟೈಬರ್ ನದಿ. ಇಷ್ಟು ದಾರಿ ಬಂದಿವೆ. ಈಗ ಸ್ವಲ್ಪ ಹಿಂದೆ ಸರಿದು ನೋಡಿ. ಮುಂಭಾಗದ ತ್ರಿಕೋನದ ಹಿಂದೆ, ಇನ್ನೂ ಎತ್ತರದಲ್ಲಿ, ಮತ್ತೊಂದು ತ್ರಿಕೋನದ ಅಂಚು ಗೋಡೆಯಲ್ಲಿ ಕಾಣುತ್ತದೆ. ಮೊದಲು ಇನ್ನೂ ಉದ್ದದ ಕಂಬಗಳಿಗೆ ನಕ್ಷೆ ಹಾಕಿದ್ದರು, ಅಷ್ಟು ಉದ್ದದವು ಸಿಗದೆ ಚಿಕ್ಕವನ್ನು ನಿಲ್ಲಿಸಿದರು ಎಂಬ ವಾದ ಇದೆ. ನನಗೆ ಇದು ನಂಬುವ ಹಾಗೆ ಕಾಣುತ್ತದೆ. ಮನೆ ಕಟ್ಟಿಸಿದವರಿಗೆ ಈ ಸಂಕಟ ಗೊತ್ತಿರುತ್ತದೆ.

ಈಗ ಒಳಗೆ. ಗುಮ್ಮಟದ ಅಡ್ಡಳತೆ ಸುಮಾರು 43.3 ಮೀಟರ್. ನೆಲದಿಂದ ತುದಿಯವರೆಗಿನ ಎತ್ತರವೂ ಅಷ್ಟೇ. ಅಂದರೆ ಒಳಗೆ ಒಂದು ದೊಡ್ಡ ಚೆಂಡು ಸರಿಯಾಗಿ ಕೂರುತ್ತದೆ. ಒಳಗೆ ಕಬ್ಬಿಣದ ಸರಳಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಪ್ರಪಂಚಕ್ಕೆ ಇವತ್ತಿಗೂ ಇದೇ ದೊಡ್ಡದು.

ಇದು ಬೀಳದೆ ನಿಂತಿರುವುದು ಹೇಗೆ ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬಂದರೆ ‘ರೋಮನ್ ಕಾಂಕ್ರೀಟ್ ಗಟ್ಟಿ’ ಎಂದು ಬರೆದರೆ ಸಾಲದು. ಸುಣ್ಣ, ಜ್ವಾಲಾಮುಖಿ ಬೂದಿ, ನೀರು ಸೇರಿಸಿದ ಗಾರೆ, ಅದರಲ್ಲಿ ಕಲ್ಲಿನ ಚೂರು. ಜಾಣತನ ಇರುವುದು ಆ ಚೂರುಗಳಲ್ಲಿ. ಅಡಿಪಾಯಕ್ಕೆ ಭಾರದ ಟ್ರಾವರ್ಟೀನ್ ಕಲ್ಲು. ಮೇಲೆ ಹೋದ ಹಾಗೆ ಹಗುರ ಕಲ್ಲು, ಇಟ್ಟಿಗೆ ಚೂರು. ತುದಿಯ ಹತ್ತಿರ ಪ್ಯೂಮಿಸ್, ಅಂದರೆ ನೀರಿನಲ್ಲಿ ತೇಲುವಷ್ಟು ಹಗುರಾದ ಜ್ವಾಲಾಮುಖಿ ಕಲ್ಲು. ದಪ್ಪವೂ ಕಡಿಮೆಯಾಗುತ್ತಾ ಹೋಗುತ್ತದೆ. ಗುಮ್ಮಟದ ಬುಡದಲ್ಲಿ ಸುಮಾರು 6 ಮೀಟರ್, ತುದಿಯಲ್ಲಿ 1.2 ಮೀಟರ್. ಒಳಗಡೆ ಐದು ಸುತ್ತು ಗುಳಿ ಚೌಕಗಳಿವೆ, ಸುತ್ತಿಗೆ 28, ಒಟ್ಟು 140. ಭಾರ ಎಲ್ಲಿ ಹೆಚ್ಚು ಅಪಾಯವೋ ಅಲ್ಲಿ ಭಾರವನ್ನೇ ತೆಗೆದುಹಾಕಿದ್ದಾರೆ. ನಟ್ಟನಡುವೆ ಸುಮಾರು 9 ಮೀಟರ್ ಅಗಲದ ತೂತು ಬಿಟ್ಟಿದ್ದಾರೆ. ಹೆಸರು ಆಕ್ಯುಲಸ್, ಲ್ಯಾಟಿನ್‌ನಲ್ಲಿ ಕಣ್ಣು. ಕಾಂಕ್ರೀಟ್ ಗಟ್ಟಿಯಾಗುವ ತನಕ ಇಷ್ಟನ್ನೂ ಹೊತ್ತು ನಿಂತ ಮರದ ಸೆಂಟ್ರಿಂಗ್ ಎಂಥದ್ದಿರಬೇಕು, ಯೋಚಿಸಿ.

ಆ ಕಣ್ಣಿಗೆ ಗಾಜಿಲ್ಲ. ಮಳೆ ಬಂದರೆ ಒಳಗೆ ಬೀಳುತ್ತದೆ. ನೆಲ ಮಧ್ಯದಲ್ಲಿ ಸ್ವಲ್ಪ ಉಬ್ಬಿದೆ, ನೀರು ಇಳಿಯಲು ಸಣ್ಣ ತೂತುಗಳಿವೆ, ಹುಡುಕಿ ನೋಡಿ. ಬಿಸಿಲಿಗೂ ಒಂದು ಲೆಕ್ಕ ಇದೆ. ಬಾಗಿಲು ಉತ್ತರಕ್ಕಿದೆ. ಚಳಿಗಾಲದಲ್ಲಿ ಮಧ್ಯಾಹ್ನದ ಸೂರ್ಯ ತಗ್ಗಿನಲ್ಲಿರುವುದರಿಂದ ಬೆಳಕಿನ ವೃತ್ತ ಗುಮ್ಮಟದ ಮೇಲೇ ಉಳಿಯುತ್ತದೆ. ಬೇಸಿಗೆಯಲ್ಲಿ ನೆಲಕ್ಕೆ ಇಳಿಯುತ್ತದೆ. ಏಪ್ರಿಲ್ 21ರ ಸುಮಾರಿಗೆ ನೇರ ಬಾಗಿಲ ಮೇಲೆ ಬೀಳುತ್ತದೆ. ಅದು ರೋಮ್ ನಗರ ಹುಟ್ಟಿದ ದಿನ ಎಂಬುದು ರೋಮನ್ನರ ನಂಬಿಕೆ.

ಮುಂದಿನ ಕಥೆ ಚಿಕ್ಕದಾಗಿ ಸಾಕು. 609ರಲ್ಲಿ ಪೋಪ್ ನಾಲ್ಕನೇ ಬೋನಿಫೇಸ್ ಇದನ್ನು ಚರ್ಚ್ ಮಾಡಿದರು. ಕಟ್ಟಡ ಉಳಿದದ್ದೇ ಅದರಿಂದ. ಇಲ್ಲದಿದ್ದರೆ ಬೇರೆ ದೇವಾಲಯಗಳ ಹಾಗೆ ಕಲ್ಲು ಕಿತ್ತುಕೊಂಡು ಹೋಗುತ್ತಿದ್ದರು. ಹಾಗಂತ ಯಾರೂ ಕೈ ಹಾಕಲಿಲ್ಲ ಎಂದಲ್ಲ. 663ರಲ್ಲಿ ಚಕ್ರವರ್ತಿ ಎರಡನೇ ಕಾನ್‌ಸ್ಟಾನ್ಸ್ ಛಾವಣಿಯ ಕಂಚಿನ ಹಂಚುಗಳನ್ನು ಕೀಳಿಸಿದ. 17ನೇ ಶತಮಾನದಲ್ಲಿ ಬಾರ್ಬೆರಿನಿ ಮನೆತನದ ಪೋಪ್ ಎಂಟನೇ ಅರ್ಬನ್ ಮುಖಮಂಟಪದ ಕಂಚಿನ ತೊಲೆಗಳನ್ನು ಇಳಿಸಿದರು. ಅದರಲ್ಲಿ ಹೆಚ್ಚಿನದು ಫಿರಂಗಿಗಳಾಯಿತು. ‘ಬಾರ್ಬೇರಿಯನ್ನರು (ಹಿಂದೆ ರೋಮ್ ಲೂಟಿ ಮಾಡಿದ ಹೊರಗಿನ ದಾಳಿಕೋರರು) ಮಾಡದ್ದನ್ನು ಬಾರ್ಬೆರಿನಿಗಳು ಮಾಡಿದರು’ ಎಂದು ಊರಿನವರು ಆಡಿಕೊಂಡರು. ಚಿತ್ರಕಾರ ರಾಫೆಲ್‌ನ ಸಮಾಧಿ ಇಲ್ಲೇ ಇದೆ.

ಹೋಗುವವರಿಗೆ ಎರಡು ಮಾತು. 2023ರ ಜುಲೈಯಿಂದ ಪ್ರವಾಸಿಗರಿಗೆ ಟಿಕೆಟ್ ಇದೆ. ಈಗಲೂ ಅದು ಚರ್ಚ್, ಪೂಜೆಯ ಹೊತ್ತಿನಲ್ಲಿ ಸುಮ್ನೆ ಸುತ್ತಲು ಬಿಡುವುದಿಲ್ಲ. ನೋಡಿ ಮುಗಿದ ಮೇಲೆ ಕಟ್ಟಡದ ಪಕ್ಕಕ್ಕೆ, ಹಿಂದಕ್ಕೆ ಒಂದು ಸುತ್ತು ಹಾಕಿ. ಅಲ್ಲಿ ಫೋಟೋ ತೆಗೆಯುವವರ ಗುಂಪಿರುವುದಿಲ್ಲ. ಗೋಡೆ ಬೋಳಾಗಿದೆ. ಭಾರವನ್ನು ಪಕ್ಕಕ್ಕೆ ದಾಟಿಸಲು ಗೋಡೆಯೊಳಗೇ ಕಟ್ಟಿದ ಇಟ್ಟಿಗೆ ಕಮಾನುಗಳು ಬಯಲಿಗೇ ಕಾಣುತ್ತವೆ. ಶೆದಾನ್ ಓದಿದ್ದು ಇಂಥ ಇಟ್ಟಿಗೆಗಳನ್ನೇ.