ಪೆನಾಲ್ಟಿ ಬಾರ್ ಮೇಲೆ ಹೊಡೆದ ಫ್ರಾಂಕೊ ಬರೇಸಿ ಅಷ್ಟು ದೊಡ್ಡ ಡಿಫೆಂಡರ್ ಹೇಗಾದರು?

ಪ್ರಶ್ನೆ: ಇಟಲಿಯ ಫುಟ್‌ಬಾಲ್ ಆಟಗಾರ ಫ್ರಾಂಕೊ ಬರೇಸಿ ಅಂದರೆ ನನಗೆ ನೆನಪಾಗುವುದು 1994ರ ವಿಶ್ವಕಪ್ ಫೈನಲ್‌ನಲ್ಲಿ ಬಾರ್ ಮೇಲೆ ಹಾರಿಹೋದ ಪೆನಾಲ್ಟಿ ಮಾತ್ರ. ಯೂಟ್ಯೂಬ್‌ನಲ್ಲಿ ಅವರ ವಿಡಿಯೊ ನೋಡಿದೆ, ಅಂಥ ವಿಶೇಷ ಏನೂ ಕಾಣಲಿಲ್ಲ. ಆಳು ಎತ್ತರವೂ ಇಲ್ಲ. ಆದರೂ ಅತ್ಯುತ್ತಮ ಡಿಫೆಂಡರ್‌ಗಳ ಮಾತು ಬಂದಾಗಲೆಲ್ಲ ಅವರ ಹೆಸರು ಯಾಕೆ ಬರುತ್ತದೆ?

ಉತ್ತರ: ವಿಡಿಯೊದಲ್ಲಿ ವಿಶೇಷ ಕಾಣಲಿಲ್ಲ ಅಂದಿರಲ್ಲ, ಉತ್ತರ ಶುರುವಾಗುವುದೇ ಅಲ್ಲಿಂದ. ನಾವು ನೋಡುವ ತುಣುಕುಗಳಲ್ಲಿ ಚೆಂಡು ಇರುವ ಕಡೆಗೇ ಕ್ಯಾಮೆರಾ ತಿರುಗಿರುತ್ತದೆ. ಬರೇಸಿಯ ಮುಖ್ಯ ಕೆಲಸ ನಡೆಯುತ್ತಿದ್ದುದು ಚೆಂಡಿನಿಂದ 20–30 ಮೀಟರ್ ದೂರದಲ್ಲಿ. ಎದುರಾಳಿ ಪಾಸ್ ಕೊಡಬೇಕು ಅಂದುಕೊಳ್ಳುವಷ್ಟರಲ್ಲಿ ಆ ಪಾಸಿಗೆ ಜಾಗವೇ ಇಲ್ಲದ ಹಾಗೆ ಮಾಡಿಬಿಡುತ್ತಿದ್ದರು. ಕೊಡದೇ ಹೋದ ಪಾಸನ್ನು ಯಾರು ವಿಡಿಯೊ ಮಾಡುತ್ತಾರೆ ಹೇಳಿ?

ಅವರು ಗಟ್ಟಿಯಾಗಿ ಟ್ಯಾಕಲ್ ಮಾಡುತ್ತಿರಲಿಲ್ಲ ಅಂತಲ್ಲ. ಮಾಡುತ್ತಿದ್ದರು, ಕೆಲವೊಮ್ಮೆ ತೀರಾ ಒರಟಾಗಿಯೇ. ಆದರೆ ಅಂಥ ಟ್ಯಾಕಲ್ ಮಾಡುವವರು ಇಟಲಿಯಲ್ಲಿ ಬೇಕಾದಷ್ಟು ಜನ ಇದ್ದರು. ನಾಲ್ಕು ಜನರ ಒಂದು ಸಾಲನ್ನು ಯಾವಾಗ ಮುಂದೆ ಒಯ್ಯಬೇಕು, ಯಾವಾಗ ಹಿಂದಕ್ಕೆ ಎಳೆಯಬೇಕು ಅಂತ ಅವರಷ್ಟು ಸರಿಯಾಗಿ ಹೇಳಬಲ್ಲವರು ಮಾತ್ರ ಇರಲಿಲ್ಲ.

ಮೊದಲು ಅವರ ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಹುಟ್ಟಿದ್ದು 1960ರ ಮೇ 8ರಂದು, ಉತ್ತರ ಇಟಲಿಯ ಬ್ರೆಷಾ ಪ್ರಾಂತ್ಯದ ತ್ರಾವಲ್ಯಾತೊ ಅನ್ನುವ ಊರಿನಲ್ಲಿ. ಎರಡು ವರ್ಷ ದೊಡ್ಡವರಾದ ಅಣ್ಣ ಜುಸೆಪ್ಪೆಯನ್ನು ಮಿಲಾನ್ ನಗರದ ಇಂಟರ್ ಕ್ಲಬ್ ತೆಗೆದುಕೊಂಡಿತು. ತಮ್ಮ ಹೋದಾಗ, ಹುಡುಗ ಇನ್ನೂ ಸಣ್ಣ ಅಂತ ವಾಪಸ್ ಕಳಿಸಿತು. ಅದೇ ಊರಿನ ಇನ್ನೊಂದು ಕ್ಲಬ್, ಇಂಟರ್‌ನ ಬದ್ಧ ಎದುರಾಳಿ ಎಸಿ ಮಿಲಾನ್ ಅವರನ್ನು 1974ರಲ್ಲಿ ಸೇರಿಸಿಕೊಂಡಿತು. ಹದಿನೆಂಟು ತುಂಬುವ ಮೊದಲೇ ಅಪ್ಪ, ಅಮ್ಮ ಇಬ್ಬರನ್ನೂ ಕಳೆದುಕೊಂಡ ಹುಡುಗನಿಗೆ ಕ್ಲಬ್ಬೇ ಮನೆಯಾಯಿತು. ಅಲ್ಲಿನವರು ಪ್ರೀತಿಯಿಂದ 'ಪಿಶಿನಿನ್' ಅಂತ ಕರೆಯುತ್ತಿದ್ದರು. ಮಿಲಾನ್ ಕಡೆಯ ಆಡುಮಾತಿನಲ್ಲಿ ಪುಟ್ಟ ಅಂತ. ಮುಂದೆ ಅಣ್ಣ ಇಂಟರ್‌ಗೆ, ತಮ್ಮ ಮಿಲಾನ್‌ಗೆ ನಾಯಕರಾದರು. ಒಂದೇ ಮನೆಯ ಇಬ್ಬರು ಡರ್ಬಿಯಲ್ಲಿ, ಅಂದರೆ ಒಂದೇ ಊರಿನ ಎರಡು ಕ್ಲಬ್‌ಗಳ ಪಂದ್ಯದಲ್ಲಿ, ಎದುರುಬದುರು ನಿಂತರು.

1978ರ ಏಪ್ರಿಲ್‌ನಲ್ಲಿ, 17ನೇ ವಯಸ್ಸಿಗೆ, ವೆರೋನಾ ವಿರುದ್ಧ ಇಟಲಿಯ ಮೊದಲ ದರ್ಜೆಯ ಸೆರೀ ಆ ಲೀಗ್‌ನಲ್ಲಿ ಮೊದಲ ಪಂದ್ಯ. ಮರುವರ್ಷವೇ ಖಾಯಂ ಆಟಗಾರ. ಆ ವರ್ಷ ಮಿಲಾನ್ ತನ್ನ ಹತ್ತನೇ ಲೀಗ್ ಪಟ್ಟ ಗೆದ್ದಿತು. ಆಗಿನ ಕೋಚ್ ಸ್ವೀಡನ್‌ನ ನಿಲ್ಸ್ ಲೀಡ್‌ಹೋಮ್. ಆಗ ಇಟಲಿಯಲ್ಲಿ ಒಬ್ಬ ಡಿಫೆಂಡರ್ ಒಬ್ಬ ಫಾರ್ವರ್ಡ್‌ನ ಬೆನ್ನಿಗೆ ಅಂಟಿಕೊಂಡು ಹೋಗುವುದೇ ಪದ್ಧತಿ. ಲೀಡ್‌ಹೋಮ್ ಮಾತ್ರ, ಆಳನ್ನಲ್ಲ ಜಾಗವನ್ನು ಕಾಯಿರಿ ಅನ್ನುತ್ತಿದ್ದವರು. ಹದಿಹರೆಯದಲ್ಲೇ ಆ ಪಾಠ ಸಿಕ್ಕಿದ್ದು ಬರೇಸಿಯ ಅದೃಷ್ಟ.

ಅದೃಷ್ಟ ಅಲ್ಲಿಗೆ ಮುಗಿಯಿತು. 1980ರಲ್ಲಿ ಬೆಟ್ಟಿಂಗ್ ಹಗರಣದ ಶಿಕ್ಷೆಯಾಗಿ ಮಿಲಾನ್ ಎರಡನೇ ದರ್ಜೆಯ ಸೆರೀ ಬಿಗೆ ಇಳಿಯಿತು. ಒಂದು ವರ್ಷದಲ್ಲಿ ಮೇಲೆ ಬಂದು, 1982ರಲ್ಲಿ ಮತ್ತೆ ಇಳಿಯಿತು. ಈ ಸಲ ಹಗರಣ ಏನೂ ಇಲ್ಲ, ಆಟವೇ ಕೆಟ್ಟಿತ್ತು. ಅದೇ ಬೇಸಿಗೆಯಲ್ಲಿ ಇಟಲಿ ವಿಶ್ವಕಪ್ ಗೆದ್ದಿತ್ತು. ಬರೇಸಿ ಆ ತಂಡದಲ್ಲಿದ್ದರು, ಒಂದೂ ಪಂದ್ಯ ಆಡಲಿಲ್ಲ. ವಿಶ್ವಕಪ್ ಗೆದ್ದ ತಂಡದ 22 ವರ್ಷದ ಹುಡುಗ ಸೆರೀ ಬಿ ಕ್ಲಬ್ಬಿಗೆ ವಾಪಸ್ ಹೋಗಿ, ಅದರ ನಾಯಕನ ಪಟ್ಟಿ ಕಟ್ಟಿಕೊಂಡರು. ಬೇರೆ ಕ್ಲಬ್ಬಿಗೆ ಹೋಗಲಿಲ್ಲ. ಮಿಲಾನ್ ಅಭಿಮಾನಿಗಳಿಗೆ ಅವರ ಮೇಲೆ ಇಷ್ಟು ಪ್ರೀತಿ ಯಾಕೆ ಅಂತ ಕೇಳಿದರೆ, ಗೆದ್ದ ಕಪ್‌ಗಳಿಗಿಂತ ಮೊದಲು ನಾನು ಇದನ್ನೇ ಹೇಳುತ್ತೇನೆ.

1986ರಲ್ಲಿ ಸಿಲ್ವಿಯೊ ಬೆರ್ಲುಸ್ಕೊನಿ ಕ್ಲಬ್ ಕೊಂಡರು. 1987ರಲ್ಲಿ ಆರಿಗೊ ಸಕ್ಕಿ ಕೋಚ್ ಆಗಿ ಬಂದರು. ಬರೇಸಿಯ ಆಟ ಅರ್ಥವಾಗಬೇಕಾದರೆ ಸಕ್ಕಿ ಏನು ಮಾಡಿದರು ಅಂತ ತಿಳಿಯಬೇಕು.

ಇಟಲಿಯ ಹಳೆಯ ಪದ್ಧತಿಯಲ್ಲಿ 'ಲಿಬೆರೊ' ಅಂತ ಒಬ್ಬ ಇರುತ್ತಿದ್ದ. ಉಳಿದ ಡಿಫೆಂಡರ್‌ಗಳಿಗಿಂತ ಹಿಂದೆ ನಿಂತು, ಯಾರಾದರೂ ಎಡವಿದರೆ ಬಂದು ಸರಿಮಾಡುವ ಆಟಗಾರ. ಬರೇಸಿ ಬೆಳೆದದ್ದು ಆ ಜಾಗದಲ್ಲೇ. ಸಕ್ಕಿ ಆ ಹಿಂದಿನ ಆಸರೆಯನ್ನೇ ತೆಗೆದುಬಿಟ್ಟರು. ನಾಲ್ವರೂ ಒಂದೇ ಗೆರೆಯಲ್ಲಿ ನಿಲ್ಲಬೇಕು, ಗೋಲಿನಿಂದ ತುಂಬಾ ಮುಂದೆ ಬರಬೇಕು. ಹಿಂದಿನ ಡಿಫೆಂಡರ್‌ಗೂ ಮುಂದಿನ ಫಾರ್ವರ್ಡ್‌ಗೂ ನಡುವೆ 25 ಮೀಟರ್ ಆಸುಪಾಸು ಮಾತ್ರ ಇರಬೇಕು ಅಂದರು. ಹಾಗಾದರೆ ಬೆನ್ನ ಹಿಂದೆ ಅರ್ಧ ಮೈದಾನ ಖಾಲಿ. ಒಂದು ಉದ್ದ ಪಾಸ್ ಬಿದ್ದರೆ ಗೋಲ್ ಆಗುವುದಿಲ್ಲವೇ?

ಅಲ್ಲಿ ಕಾಪಾಡುತ್ತಿದ್ದುದು ಆಫ್‌ಸೈಡ್ ನಿಯಮ. ಪಾಸ್ ಹೊರಡುವ ಕ್ಷಣದಲ್ಲಿ ಫಾರ್ವರ್ಡ್ ಡಿಫೆಂಡರ್‌ಗಳ ಸಾಲಿಗಿಂತ ಮುಂದಿದ್ದರೆ ಆಫ್‌ಸೈಡ್. ಅಂದರೆ ಚೆಂಡು ಕಾಲಿನಿಂದ ಬಿಡುವ ಮುಂಚೆ ಸಾಲು ಎರಡು ಹೆಜ್ಜೆ ಮುಂದೆ ಬಂದುಬಿಟ್ಟರೆ ಆಯಿತು. ನಮ್ಮ ಕಬಡ್ಡಿಯಲ್ಲಿ ಕೈಕೈ ಹಿಡಿದ ಸರಪಳಿ ರೇಡರ್ ಮೇಲೆ ಹೋಗುವುದನ್ನು ನೆನಪಿಸಿಕೊಳ್ಳಿ. ಒಬ್ಬ ಮೊದಲು ನುಗ್ಗಿ ಇನ್ನೊಬ್ಬ ತಡ ಮಾಡಿದರೆ ಕೆಟ್ಟಿತು. ಇಲ್ಲಿ ಕೈ ಹಿಡಿದುಕೊಳ್ಳುವ ಹಾಗಿಲ್ಲ, ನಾಲ್ವರ ನಡುವೆ ಹತ್ತಾರು ಮೀಟರ್ ಅಂತರ. ಒಬ್ಬರ ತೀರ್ಮಾನಕ್ಕೆ ಮೂವರು ಕಣ್ಣುಮುಚ್ಚಿ ಕಾಲೆತ್ತಬೇಕು. ಆ ಒಬ್ಬರು ಬರೇಸಿ. ಅವರ ಜೊತೆ ಬಲಕ್ಕೆ ತಸ್ಸೊತ್ತಿ, ಎಡಕ್ಕೆ ಮಾಲ್ದಿನಿ, ಪಕ್ಕದಲ್ಲಿ ಕೊಸ್ತಾಕುರ್ತಾ.

ಅವರು ನೋಡುತ್ತಿದ್ದುದು ಫಾರ್ವರ್ಡ್‌ನನ್ನಲ್ಲ, ಪಾಸ್ ಕೊಡುವವನನ್ನು. ಅವನ ಮೇಲೆ ಯಾರಾದರೂ ಮುಗಿಬಿದ್ದಿದ್ದಾರಾ, ತಲೆ ತಗ್ಗಿದೆಯಾ? ಹಾಗಾದರೆ ಮುಂದೆ ಪಾಸ್ ಕೊಡುವುದು ಕಷ್ಟ, ಸಾಲು ಮೇಲೆ ಹೋಗಲಿ. ತಲೆ ಎತ್ತಿ ಆರಾಮವಾಗಿ ನೋಡುತ್ತಿದ್ದಾನಾ? ಹಾಗಾದರೆ ಅಪಾಯ, ಎಲ್ಲರೂ ಹಿಂದಕ್ಕೆ. ಮುಚ್ಚಿದ ಚೆಂಡು, ತೆರೆದ ಚೆಂಡು ಅಂತ ಇಟಲಿಯ ಕೋಚ್‌ಗಳು ಇದನ್ನೇ ಕಲಿಸುತ್ತಾರೆ. ಕೇಳಲು ಸುಲಭ. ಒಂದು ಪಂದ್ಯದಲ್ಲಿ ನೂರಾರು ಸಲ, ಅರ್ಧ ಸೆಕೆಂಡ್ ಒಳಗೆ, ತಪ್ಪಿಲ್ಲದೆ ಮಾಡಬೇಕು. ಅದಾದ ಮೇಲೆ ಅವರ ಕೈ ಮೇಲೇಳುತ್ತಿತ್ತು, ಲೈನ್ಸ್‌ಮನ್ ಕಡೆಗೆ. ಆ ಕಾಲದ ಎಷ್ಟೋ ಪಂದ್ಯಗಳಲ್ಲಿ ಆ ಎತ್ತಿದ ಕೈ ಕಾಣುತ್ತದೆ.

ಇದನ್ನು ಆಟಗಾರರೂ ಸುಲಭವಾಗಿ ನಂಬಲಿಲ್ಲ. ಸಕ್ಕಿಯೇ ಹೇಳಿಕೊಂಡ ಒಂದು ಪ್ರಸಂಗ ಇದೆ. ಅಭ್ಯಾಸದಲ್ಲಿ ಗೋಲ್‌ಕೀಪರ್ ಜೊವಾನ್ನಿ ಗಲ್ಲಿ ಮತ್ತು ಈ ನಾಲ್ವರನ್ನು ಒಂದು ಕಡೆ ನಿಲ್ಲಿಸಿದರು. ಎದುರಿಗೆ ಮಿಲಾನ್‌ನದೇ ಡಚ್ ಫಾರ್ವರ್ಡ್‌ಗಳಾದ ಗುಲ್ಲಿಟ್, ವಾನ್ ಬಾಸ್ಟೆನ್ ಸೇರಿ ಹತ್ತು ಜನ. ಹದಿನೈದು ನಿಮಿಷದಲ್ಲಿ ಒಂದು ಗೋಲ್ ಹೊಡೆಯಿರಿ ಅಂದರು. ಆ ಹತ್ತು ಜನರಿಗೆ ಆಗಲಿಲ್ಲ.

ಫಲ ಬೇಗ ಬಂತು. 1987–88ರ ಲೀಗ್‌ನಲ್ಲಿ 30 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 14 ಗೋಲ್, ಪಟ್ಟ ಮಿಲಾನ್‌ಗೆ. 1989ರಲ್ಲಿ ಯುರೋಪಿನ ಚಾಂಪಿಯನ್ ಕ್ಲಬ್‌ಗಳು ಆಡುತ್ತಿದ್ದ ಯುರೋಪಿಯನ್ ಕಪ್ ಸೆಮಿಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಮೇಲೆ 5–0, ಫೈನಲ್‌ನಲ್ಲಿ ಸ್ಟೇವಾ ಬುಕಾರೆಸ್ಟ್ ಮೇಲೆ 4–0. 1990ರಲ್ಲಿ ಬೆನ್ಫಿಕಾ ವಿರುದ್ಧ ಮತ್ತೆ ಕಪ್. ಯುರೋಪಿನ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುತ್ತಿದ್ದ 1989ರ ಬ್ಯಾಲನ್ ಡಿ'ಓರ್‌ನಲ್ಲಿ ವಾನ್ ಬಾಸ್ಟೆನ್ ಮೊದಲನೆಯವರು, ಬರೇಸಿ ಎರಡನೆಯವರು. ಗೋಲ್ ಹೊಡೆಯುವವರಿಗೇ ಮನ್ನಣೆ ಸಿಗುವ ಪ್ರಶಸ್ತಿಯಲ್ಲಿ ಒಬ್ಬ ಡಿಫೆಂಡರ್ ಅಷ್ಟು ಮೇಲೆ ಬರುವುದು ಸಣ್ಣ ಮಾತಲ್ಲ.

ಇಲ್ಲಿ ಒಂದು ವಿಷಯಕ್ಕೆ ಜಾಸ್ತಿ ಗಮನ ಸಿಗಬೇಕು ಅನ್ನಿಸುತ್ತದೆ. 1990ರಲ್ಲಿ ಆಫ್‌ಸೈಡ್ ನಿಯಮವೇ ಬದಲಾಯಿತು. ಅದುವರೆಗೆ ಫಾರ್ವರ್ಡ್ ಡಿಫೆಂಡರ್‌ಗೆ ಸರಿಸಮನಾಗಿ ನಿಂತಿದ್ದರೂ ಆಫ್‌ಸೈಡ್. ಆಮೇಲೆ ಸಮನಾಗಿದ್ದರೆ ಆಡಬಹುದು. 1992ರಲ್ಲಿ ಇನ್ನೊಂದು ನಿಯಮ ಬಂತು: ತನ್ನ ತಂಡದವರು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ. ಎರಡೂ ಬರೇಸಿಯಂಥವರಿಗೆ ತೊಂದರೆ ಕೊಡುವ ನಿಯಮಗಳೇ. ಅವರ ತಂಡ ಮಾಡಿದ್ದೇನು? ಸಕ್ಕಿ ಹೋಗಿ ಫಾಬಿಯೊ ಕಪೆಲ್ಲೊ ಬಂದ ಹೊತ್ತಿನಲ್ಲಿ, 1991ರ ಮೇ ತಿಂಗಳಿಂದ 1993ರ ಮಾರ್ಚ್‌ವರೆಗೆ ಲೀಗ್‌ನಲ್ಲಿ ಸತತ 58 ಪಂದ್ಯ ಸೋಲಲಿಲ್ಲ. 1993–94ರಲ್ಲಿ 34 ಪಂದ್ಯಕ್ಕೆ 15 ಗೋಲ್ ಮಾತ್ರ ಬಿಟ್ಟುಕೊಟ್ಟಿತು. ತಾವು ಹೊಡೆದದ್ದೂ 36 ಅಷ್ಟೇ, ಆದರೂ ಪಟ್ಟ ಗೆದ್ದರು. ಬರೀ ನಿಯಮದ ಲಾಭ ಪಡೆದವರಾಗಿದ್ದರೆ 1990ಕ್ಕೇ ಅವರ ಕಥೆ ಮುಗಿಯಬೇಕಿತ್ತು, ಅಲ್ವಾ?

ಅವರ ವಿರುದ್ಧ ಹೇಳುವವರು ಎರಡು ಮಾತು ಎತ್ತುತ್ತಾರೆ. ಒಂದು, ಸೆರೀ ಆದಲ್ಲಿ ಅವರು ಎಂಟು ಸ್ವಂತ ಗೋಲ್, ಅಂದರೆ ತಮ್ಮದೇ ತಂಡದ ವಿರುದ್ಧ ಗೋಲ್, ಹೊಡೆದಿದ್ದಾರೆ. ನಿಜ. ಆದರೆ ಕೊನೆ ಕ್ಷಣದಲ್ಲಿ ಚೆಂಡಿಗೆ ಅಡ್ಡ ಬೀಳುವವನ ಕಾಲಿಗೇ ಅದು ತಗಲುವುದು, ದೂರದಲ್ಲಿ ನಿಂತವನಿಗೆ ಆ ಅಪಾಯ ಇಲ್ಲ. ಇನ್ನೊಂದು, 1994ರ ಮೇ 18ರಂದು ಚಾಂಪಿಯನ್ಸ್ ಲೀಗ್ (ಹಿಂದಿನ ಯುರೋಪಿಯನ್ ಕಪ್) ಫೈನಲ್‌ಗೆ ಅಥೆನ್ಸ್‌ನಲ್ಲಿ ಬಾರ್ಸಿಲೋನಾವನ್ನು ಮಿಲಾನ್ 4–0 ಅಂತರದಲ್ಲಿ ಸೋಲಿಸಿದಾಗ ಬರೇಸಿ ನಿಷೇಧದಿಂದಾಗಿ ಆಡಲೇ ಇಲ್ಲ. ಅವರಿಲ್ಲದೆಯೂ ಆಯಿತಲ್ಲ ಅನ್ನುತ್ತಾರೆ. ನನಗೆ ಅದು ಉಲ್ಟಾ ಕಾಣುತ್ತದೆ. ಕೊಸ್ತಾಕುರ್ತಾ ಕೂಡ ಇಲ್ಲದೆ, ಮಾಲ್ದಿನಿ ಮತ್ತು ಫಿಲಿಪ್ಪೊ ಗಲ್ಲಿ ಸಾಲಿನ ಮಧ್ಯದಲ್ಲಿ ನಿಂತು ಬಾರ್ಸಿಲೋನಾದ ರೊಮಾರಿಯೊ, ಸ್ಟೊಯ್ಚ್‌ಕೊವ್‌ರನ್ನು ಕಟ್ಟಿಹಾಕಿದರು. ಇಬ್ಬರೂ ವರ್ಷಗಟ್ಟಲೆ ಬರೇಸಿಯ ಪಕ್ಕದಲ್ಲಿ ಆ ಸಾಲಿನ ಲೆಕ್ಕ ಕಲಿತವರು.

ಈಗ ನೀವು ಕೇಳಿದ ಪೆನಾಲ್ಟಿಗೆ ಬರೋಣ. 1994ರ ಜೂನ್ 23ರಂದು ನಾರ್ವೆ ವಿರುದ್ಧದ ಪಂದ್ಯದಲ್ಲಿ ಬರೇಸಿಯ ಮಂಡಿಯ ಮೆನಿಸ್ಕಸ್ (ಕೀಲಿನ ಮೆತ್ತೆಯಂಥ ಮೃದ್ವಸ್ಥಿ) ಹರಿಯಿತು. ವಿಶ್ವಕಪ್ ನಡೆಯುತ್ತಿದ್ದ ಅಮೆರಿಕದಲ್ಲೇ ಶಸ್ತ್ರಚಿಕಿತ್ಸೆ ಆಯಿತು. 34 ವರ್ಷದ ಆಟಗಾರನ ವಿಶ್ವಕಪ್ ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡರು. ಇಟಲಿ ಹೇಗೋ ಫೈನಲ್ ತಲುಪಿತು, ಕೋಚ್ ಅದೇ ಸಕ್ಕಿ. ಆಗ ಕೊಸ್ತಾಕುರ್ತಾಗೂ ತಸ್ಸೊತ್ತಿಗೂ ನಿಷೇಧ. ಗಾಯವಾಗಿ 24 ದಿನಕ್ಕೆ, ಜುಲೈ 17ರಂದು, ಪಸಾಡಿನಾದ ನಡುಮಧ್ಯಾಹ್ನದ ಬಿಸಿಲಿನಲ್ಲಿ ಬರೇಸಿ ಬ್ರೆಜಿಲ್ ಎದುರು ಮೈದಾನಕ್ಕಿಳಿದರು. ಆ ಟೂರ್ನಿಯಲ್ಲಿ ಐದು ಗೋಲ್ ಹೊಡೆದಿದ್ದ ರೊಮಾರಿಯೊ, ಜೊತೆಗೆ ಬೆಬೆಟೊ. 120 ನಿಮಿಷ ಇಬ್ಬರಿಗೂ ಗೋಲ್ ಕೊಡಲಿಲ್ಲ. ಕೊನೆಗೆ ಸ್ನಾಯು ಸೆಳೆತದಿಂದ ಕಾಲು ಎತ್ತಿಡುವುದೇ ಕಷ್ಟವಾಗಿತ್ತು. ಅಂಥ ಕಾಲಿನಲ್ಲಿ ಮೊದಲ ಪೆನಾಲ್ಟಿ ತೆಗೆದುಕೊಂಡರು, ಚೆಂಡು ಬಾರ್ ಮೇಲೆ ಹೋಯಿತು. ಆಮೇಲೆ ಮಸ್ಸಾರೊ ಹೊಡೆದದ್ದನ್ನು ಬ್ರೆಜಿಲ್ ಗೋಲ್‌ಕೀಪರ್ ತಫಾರೆಲ್ ತಡೆದರು, ಬಜ್ಜೊ ಹೊಡೆದದ್ದೂ ಮೇಲೆ ಹೋಯಿತು.

ಮೊದಲ ಪೆನಾಲ್ಟಿಗೆ ಅವರೇ ಯಾಕೆ ಹೋದರು ಅಂತ ಕೇಳಬಹುದು. ನಾಲ್ಕು ವರ್ಷ ಮೊದಲು ನೇಪಲ್ಸ್‌ನಲ್ಲಿ ಅರ್ಜೆಂಟೀನಾ ವಿರುದ್ಧದ ವಿಶ್ವಕಪ್ ಸೆಮಿಫೈನಲ್‌ನಲ್ಲೂ ಇಟಲಿಯ ಮೊದಲ ಪೆನಾಲ್ಟಿ ಅವರದೇ. ಅದು ಗೋಲಾಗಿತ್ತು. ಕ್ಲಬ್ಬಿಗೂ ಅವರು ಪೆನಾಲ್ಟಿ ಹೊಡೆಯುತ್ತಿದ್ದರು. ಅಂದರೆ ಸುಮ್ನೆ ಹುಂಬತನದಿಂದ ಹೋದದ್ದಲ್ಲ. ಆ ಒಂದು ಒದೆತ ನೆನಪಿಟ್ಟು ಅದಕ್ಕೂ ಮುಂಚಿನ ಎರಡು ಗಂಟೆ ಮರೆಯುವುದು ಬಹಳ ಅನ್ಯಾಯ. ಮಂಡಿ ಆಪರೇಷನ್ ಆದ ಒಬ್ಬ ಡಿಫೆಂಡರ್ ವಿಶ್ವಕಪ್ ಫೈನಲ್‌ನಲ್ಲಿ ಅಷ್ಟು ಚೆನ್ನಾಗಿ ಆಡಿದ್ದು ನನಗೆ ಬೇರೆ ಗೊತ್ತಿಲ್ಲ.

ಇಟಲಿ ಪರ 81 ಪಂದ್ಯ, ಮಿಲಾನ್ ಪರ 20 ಸೀಸನ್‌ಗಳಲ್ಲಿ 719 ಪಂದ್ಯ, ಆರು ಲೀಗ್ ಪಟ್ಟ. 1997ರಲ್ಲಿ ನಿವೃತ್ತರಾದಾಗ ಕ್ಲಬ್ ಅವರ 6ನೇ ನಂಬರಿನ ಅಂಗಿಯನ್ನು ಇನ್ಯಾರಿಗೂ ಕೊಡುವುದಿಲ್ಲ ಅಂತ ತೀರ್ಮಾನಿಸಿತು. ನಾಯಕನ ಪಟ್ಟಿ ಮಾಲ್ದಿನಿಗೆ ಹೋಯಿತು. ಇವತ್ತು ದೊಡ್ಡ ಕ್ಲಬ್‌ಗಳ ಡಿಫೆಂಡರ್‌ಗಳು ಮಧ್ಯಗೆರೆಯ ಹತ್ತಿರ ಸಾಲು ಕಟ್ಟುತ್ತಾರೆ, ಚೆಂಡು ಕಿತ್ತುಕೊಂಡ ತಕ್ಷಣ ಸುಮ್ಮನೆ ದೂರ ಒದೆಯದೆ ತಾವೇ ಮುಂದೆ ಸಾಗುತ್ತಾರೆ. ಎರಡನ್ನೂ ಬರೇಸಿ ಒಂದೇ ಪಂದ್ಯದಲ್ಲಿ ಮಾಡುತ್ತಿದ್ದರು. ಆಟ ಓದುವ ಬುದ್ಧಿಗೆ ಎತ್ತರ ಬೇಕಾಗಲಿಲ್ಲ.

ಅವರ ಆಟ ನೋಡಬೇಕು ಅಂತಿದ್ದರೆ ತುಣುಕುಗಳನ್ನು ಬಿಟ್ಟು 1989ರ ರಿಯಲ್ ಮ್ಯಾಡ್ರಿಡ್ ಪಂದ್ಯವನ್ನೋ, 1994ರ ಫೈನಲನ್ನೋ ಪೂರ್ತಿ ಹಾಕಿಕೊಳ್ಳಿ. ಎದುರಾಳಿ ಮಧ್ಯಮೈದಾನದಲ್ಲಿ ಚೆಂಡು ಹಿಡಿದಾಗ ಚೆಂಡು ನೋಡಬೇಡಿ, 6ನೇ ನಂಬರನ್ನು ನೋಡಿ. ಅವರು ಯಾವ ಕ್ಷಣದಲ್ಲಿ ಹೆಜ್ಜೆ ಮುಂದಿಡುತ್ತಾರೆ, ಉಳಿದ ಮೂವರು ಎಷ್ಟು ಬೇಗ ಅವರ ಜೊತೆ ಬರುತ್ತಾರೆ, ಪಾಸ್ ಕೊಡಬೇಕಾದವನು ಆಮೇಲೆ ಏನು ಮಾಡುತ್ತಾನೆ ಅಂತ ಗಮನಿಸಿ. ಹೆಚ್ಚಿನ ಸಲ ಅವನು ಚೆಂಡನ್ನು ಪಕ್ಕಕ್ಕೋ ಹಿಂದಕ್ಕೋ ಕೊಡುತ್ತಾನೆ.