ಬಳಸಿದ ಸೂಜಿ ಚುಚ್ಚಿದರೆ ಲ್ಯಾಬ್ ಸಿಬ್ಬಂದಿ ಏನು ಮಾಡಬೇಕು?

ಪ್ರಶ್ನೆ: ನಾನು ರಕ್ತಪರೀಕ್ಷಾ ಕೇಂದ್ರವೊಂದರಲ್ಲಿ ಟೆಕ್ನೀಷಿಯನ್. ರೋಗಿಯ ರಕ್ತ ತೆಗೆದ ಸೂಜಿ ಕೈಗೆ ಚುಚ್ಚಿದರೆ ಎಚ್‌ಐವಿ ಬರುತ್ತದೆಯೇ? ತಕ್ಷಣ ಏನು ಮಾಡಬೇಕು?

ಉತ್ತರ: ಎಚ್‌ಐವಿ ಸೋಂಕಿತರ ರಕ್ತ ಮೆತ್ತಿದ ಸೂಜಿಯೇ ಚುಚ್ಚಿದರೂ ಸೋಂಕು ತಗಲುವ ಸಾಧ್ಯತೆ ಸುಮಾರು ಶೇ 0.3ರಷ್ಟು ಮಾತ್ರ. ಅದೇ ಸೂಜಿಯಲ್ಲಿ ಹೆಪಟೈಟಿಸ್ ಬಿ ವೈರಸ್ ಇದ್ದು, ಚುಚ್ಚಿಸಿಕೊಂಡವರು ಲಸಿಕೆ ಪಡೆಯದವರಾಗಿದ್ದರೆ ಈ ಸಾಧ್ಯತೆ ಶೇ 6ರಿಂದ 30ರವರೆಗೂ ಏರುತ್ತದೆ. ಈ ವೈರಸ್ ಒಣಗಿದ ರಕ್ತದ ಕಲೆಯಲ್ಲೂ ಕನಿಷ್ಠ 7 ದಿನ ಜೀವಂತವಾಗಿರಬಲ್ಲದು. ಹೀಗಿದ್ದರೂ ಎಲ್ಲರ ಭಯವೂ ಎಚ್‌ಐವಿ ಸುತ್ತಲೇ ಇರುವುದು ಕಳವಳದ ಸಂಗತಿ. ಏಕೆಂದರೆ ಈ ಎರಡರಲ್ಲಿ ಲಸಿಕೆಯಿಂದ ತಡೆಯಬಹುದಾದದ್ದು ಹೆಪಟೈಟಿಸ್ ಬಿ.

ಸೂಜಿ ಚುಚ್ಚಿದ ಕೂಡಲೇ ಕೈಗವಸು ಕಳಚಿ, ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ಚೆನ್ನಾಗಿ ತೊಳೆಯಿರಿ. ಬೆರಳನ್ನು ಹಿಂಡಿ ರಕ್ತ ತೆಗೆಯುವುದು, ಬಾಯಿಗಿಟ್ಟು ಚೀಪುವುದು, ಸ್ಪಿರಿಟ್ ಅಥವಾ ಬ್ಲೀಚ್ ಸುರಿಯುವುದು ಯಾವುದೂ ಬೇಡ. ಬೈಗುಳಕ್ಕೆ ಹೆದರಿ ವಿಷಯ ಮುಚ್ಚಿಡದೆ, ಆ ಕ್ಷಣವೇ ಮೇಲಿನವರಿಗೂ ಡ್ಯೂಟಿ ಡಾಕ್ಟರಿಗೂ ತಿಳಿಸಿ, ಘಟನೆಯನ್ನು ರಿಜಿಸ್ಟರಿನಲ್ಲಿ ದಾಖಲಿಸಬೇಕು.

ಎಚ್‌ಐವಿ ತಡೆಯುವ ಮಾತ್ರೆಗಳನ್ನು ಸಾಧ್ಯವಾದರೆ 2 ಗಂಟೆಯೊಳಗೆ ಆರಂಭಿಸಬೇಕು. 72 ಗಂಟೆ ಕಳೆದ ಮೇಲೆ ಅವುಗಳಿಂದ ಪ್ರಯೋಜನ ನಿರೀಕ್ಷಿಸುವಂತಿಲ್ಲ. ರೋಗಿಯ ವರದಿಗಾಗಿ ಕಾಯುತ್ತ ಕುಳಿತು ಮೊದಲ ಡೋಸ್ ತಡಮಾಡಬಾರದು. ಆರಂಭಿಸಿದ ಔಷಧವನ್ನು, ವೈದ್ಯರೇ ನಿಲ್ಲಿಸಲು ಹೇಳದ ಹೊರತು, 28 ದಿನ ಪೂರ್ತಿ ಸೇವಿಸಬೇಕು. ಹೆಪಟೈಟಿಸ್ ಬಿ ಲಸಿಕೆ ಪಡೆಯದವರಿಗೆ ರೋಗಿಯ ರಕ್ತದಲ್ಲಿ ಆ ಸೋಂಕು ಕಂಡುಬಂದರೆ, ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ (ವೈರಸ್ ವಿರುದ್ಧ ಸಿದ್ಧ ಪ್ರತಿಕಾಯಗಳಿರುವ) ಚುಚ್ಚುಮದ್ದನ್ನೂ ಆದಷ್ಟು 24 ಗಂಟೆಯೊಳಗೆ ಕೊಡುತ್ತಾರೆ. ಹೆಪಟೈಟಿಸ್ ಸಿ ತಡೆಗೆ ಲಸಿಕೆಯಿಲ್ಲ, ಆದರೆ ಸೋಂಕು ಪತ್ತೆಯಾದರೆ ಕೆಲವು ವಾರಗಳ ಮಾತ್ರೆಗಳಿಂದಲೇ ಬಹುತೇಕರು ಗುಣಮುಖರಾಗುತ್ತಾರೆ. ಹಾಗಾಗಿ ಚುಚ್ಚಿದ ದಿನವೇ ನಿಮ್ಮ ರಕ್ತಪರೀಕ್ಷೆ ಮಾಡಿಸಿ, ಮುಂದಿನ ಪರೀಕ್ಷೆಗಳನ್ನೂ ವೈದ್ಯರು ಹೇಳಿದ ದಿನಗಳಂದು ತಪ್ಪಿಸದೆ ಮಾಡಿಸಿಕೊಳ್ಳಿ.

ಇಂಥ ಗಾಯಗಳಲ್ಲಿ ಅನೇಕವು ಆಗುವುದು ರಕ್ತ ತೆಗೆದಾದ ನಂತರ: ಎಡಗೈಯಲ್ಲಿ ಕ್ಯಾಪ್ ಹಿಡಿದು ಬಲಗೈಯಿಂದ ಸೂಜಿಯನ್ನು ಅದರೊಳಗೆ ತೂರಿಸುವಾಗ ಗುರಿ ತುಸು ತಪ್ಪಿದರೂ ಮೊನೆ ನೇರ ಎಡಗೈ ತೋರುಬೆರಳಿಗೆ ಇಳಿಯುತ್ತದೆ. ಆದ್ದರಿಂದ ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಲೇಬೇಡಿ. ಕೈಯಳತೆಯಲ್ಲೇ ಇರುವ ಬಿಳಿ, ಗಟ್ಟಿ ಡಬ್ಬಿಗೆ ಅದನ್ನು ಹಾಕಿ. ಡಬ್ಬಿ ಮುಕ್ಕಾಲು ತುಂಬುತ್ತಿದ್ದಂತೆ ಬದಲಿಸಿ. ಕಸದ ಚೀಲಕ್ಕೆ ಎಸೆದ ಸೂಜಿ ಕೊನೆಗೆ ಚುಚ್ಚುವುದು ಆ ಚೀಲದ ಬಾಯಿ ಕಟ್ಟುವ ಸ್ವಚ್ಛತಾ ಸಿಬ್ಬಂದಿಗೆ.

ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್‌ಗಳನ್ನು ಸಾಮಾನ್ಯವಾಗಿ 0, 1 ಮತ್ತು 6ನೇ ತಿಂಗಳಲ್ಲಿ ಪಡೆಯಬೇಕು. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ, ಲಸಿಕೆಯಿಂದ ರಕ್ತದಲ್ಲಿ ಎಷ್ಟು ಪ್ರತಿಕಾಯಗಳು ಬೆಳೆದಿವೆ ಎಂದು ಅಳೆಯುವ ಟೈಟರ್ ಪರೀಕ್ಷೆ ಮಾಡಿಸಿ. ಅದು ಪ್ರತಿ ಮಿಲಿಲೀಟರಿಗೆ 10 ಮಿಲಿ ಅಂತರರಾಷ್ಟ್ರೀಯ ಯೂನಿಟ್ (mIU/mL) ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ದೊರೆತಿದೆ ಎಂದರ್ಥ. ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ರ ಪ್ರಕಾರ ಇಂಥ ತ್ಯಾಜ್ಯ ಮುಟ್ಟುವ ಎಲ್ಲ ಸಿಬ್ಬಂದಿಗೂ ಈ ಲಸಿಕೆ ಹಾಕಿಸುವುದು, ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ನಡೆಸುವುದು ಸಂಸ್ಥೆಯ ಹೊಣೆ. ನಿಮ್ಮ ಲ್ಯಾಬ್‌ನಲ್ಲಿ ಇದು ನಡೆದಿಲ್ಲವಾದರೆ ಲಿಖಿತವಾಗಿ ಕೇಳಿ. ಆ ಪತ್ರದಲ್ಲಿ ಕಸ ಒಯ್ಯುವವರ ಹೆಸರನ್ನೂ ಸೇರಿಸಿ.